ಕೋಬೆಯ ಹೋಟೆಲ್ಲಿನಲ್ಲಿ ಕಾಣೆಯಾದದ್ದು

ದೊಡ್ಡಪ್ಪ ಒದ್ದೆ ಪಂಚೆಯಲ್ಲಿ ಬಂದು ನನ್ನ ರೂಮಿನ ಬಾಗಿಲು ಬಡಿದಾಗ ನಾನು ಅರ್ಧ ಗಡ್ಡ ಮಾತ್ರ ಹೆರೆದುಕೊಂಡಿದ್ದೆ. ಊರು ಅರಸೀಕೆರೆಯಲ್ಲ, ಜಪಾನಿನ ಕೋಬೆ. ಹೋಟೆಲ್ಲಿನ ಆರನೇ ಮಹಡಿ. ಸೂಟು ತೊಟ್ಟ ಇಬ್ಬರು ಗೋಡೆಗೆ ಆತುಕೊಂಡು ನಿಂತು, ಹೊಸ ಕಾರ್ಪೆಟ್ಟಿನ ಮೇಲೆ ತೊಟ್ಟಿಕ್ಕುತ್ತಿದ್ದ ನೀರನ್ನೇ ನೋಡುತ್ತಿದ್ದರು.

"ದಾರ ಹರೀತು ಕಣ್ಲಾ. ನಿನ್ ಪೆಟ್ಟಿಗೇಲಿ ಹೊಸಾ ಶಿವದಾರ ಐತೆ, ಕೊಡು ಬೇಗ."

ಕೊಟ್ಟೆ. ತಿರುಗಿ ಹೋದರು. ಎರಡೇ ನಿಮಿಷ, ಮತ್ತೆ ಬಡಿತ. ಅವರ ರೂಮಿನ ಬಾಗಿಲು ತಾನೇ ಮುಚ್ಚಿಕೊಂಡು ಬೀಗ ಹಾಕಿಕೊಂಡಿತ್ತು. ಬೀಗದ ಕೈ ಒಳಗೆ. ಲಿಂಗವೂ ಒಳಗೆ.

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಮನೆತನದಲ್ಲಿ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು, ದಾರ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ಕಟ್ಟಿದ್ದು ಮಣ್ಣಿಗೆ ಹೋಗುವಾಗಲೂ ಜೊತೆಗೇ. ದಿನಾ ಸ್ನಾನ ಮಾಡಿ, ಅದನ್ನು ಎಡಗೈಯಲ್ಲಿಟ್ಟು ಪೂಜೆ ಮಾಡದೆ ದೊಡ್ಡಪ್ಪ ತೊಟ್ಟು ನೀರು ಕುಡಿದವರಲ್ಲ. (ರೈಲಿನಲ್ಲಿ, ಆಸ್ಪತ್ರೆಯಲ್ಲಿ, ಮಗಳ ಮದುವೆಯ ಗಲಾಟೆಯಲ್ಲಿ ಕೂಡ.)

ಇಂಥವರು ಕೋಬೆಗೆ ಯಾಕೆ ಬಂದರು ಅನ್ನುತ್ತೀರಾ? ನಮ್ಮದು ಮೂರು ತಲೆಮಾರಿನ ತೆಂಗಿನಕಾಯಿ ವ್ಯಾಪಾರ. ನಾರಿನಿಂದ ಹಗ್ಗ ಹೊಸೆಯುವ ಮೆಷಿನ್ನು ಅಲ್ಲಿ ತಯಾರಾಗುತ್ತದೆಂದು ಕಾಗದ ಬಂತು. ನೋಡದೆ ಕೊಳ್ಳುವ ಜಾಯಮಾನ ದೊಡ್ಡಪ್ಪನದಲ್ಲ. ಇಂಗ್ಲಿಷಿಗೆಂದು ನನ್ನನ್ನು ಎಳೆದುಕೊಂಡು ಹೊರಟರು.

ಹೋಟೆಲ್ಲು ತೆರೆದು ತಿಂಗಳೂ ಆಗಿರಲಿಲ್ಲ. ಲಿಫ್ಟಿನಲ್ಲಿ ಇನ್ನೂ ಬಣ್ಣದ ವಾಸನೆ. ಕಿಟಕಿ ತೆಗೆದರೆ ಊರೆಲ್ಲ ಕ್ರೇನು. ಹಗಲಿಡೀ ಢಂ ಢಂ ಎಂದು ನೆಲಕ್ಕೆ ಕಂಬ ಬಡಿಯುತ್ತಿದ್ದರು. ಯುದ್ಧದಲ್ಲಿ ಸುಟ್ಟ ಊರಂತೆ. ಈಗ ಹಿಂದಿನ ಗುಡ್ಡ ಅಗೆದು, ಆ ಮಣ್ಣನ್ನು ಸಮುದ್ರಕ್ಕೆ ತುಂಬಿ ಬಂದರನ್ನು ದೊಡ್ಡದು ಮಾಡುತ್ತಿದ್ದರು.

"ಮಾಲೇಕಲ್ಲು ಬೆಟ್ಟ ಅಗದು ನಮ್ ಕೆರೆಗೆ ತುಂಬ್ದಂಗಾಯ್ತಲ್ಲೋ! ಇವ್ರಿಗೆ ಕೂತ್ಕಳಕ್ಕೇ ಬರಲ್ವೇನ್ಲಾ?" ಎಂದಿದ್ದರು ದೊಡ್ಡಪ್ಪ, ಬಂದ ದಿನ. ನನಗೂ ಅಲ್ಲಿ ಕೂರಲಾಗಲಿಲ್ಲ. ಆ ಢಂ ಢಂ ಕಾಲಿಗೇ ಬಡಿದಂತಾಗಿ, ಹಾಸಿಗೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಿದ್ದೆ.

ಸರಿ, ಬೀಗದ ವಿಷಯ. ನನ್ನ ಷರಟು ತೊಡಿಸಿ ದೊಡ್ಡಪ್ಪನನ್ನು ಕೆಳಗೆ ಕೌಂಟರಿಗೆ ಕರೆದುಕೊಂಡು ಹೋದೆ. ಅಲ್ಲಿ ಕನ್ನಡಕದ ಗುಮಾಸ್ತರೊಬ್ಬರು, ನಡುವಯಸ್ಸು. ಹದಿನೈದು ಸಲ ಬಾಗಿದರು, ಆ ರೂಮಿನ ಇನ್ನೊಂದು ಬೀಗದ ಕೈ ಮಾತ್ರ ಸಿಗಲಿಲ್ಲ. ಹೊಸ ಹೋಟೆಲ್ಲಲ್ಲವೇ? ಯಾವುದು ಯಾವ ಗೂಡಿನಲ್ಲಿದೆಯೆಂದು ಅವರಿಗೇ ಅಭ್ಯಾಸವಾಗಿರಲಿಲ್ಲ. ಅಂತೂ ಸಿಕ್ಕಿ, ಮೂವರೂ ಮೇಲೆ ಬಂದು ಬಾಗಿಲು ತೆರೆದರೆ ರೂಮು ಫಳಫಳ. ಹಾಸಿಗೆ ಮಡಿಕೆಯಿಲ್ಲದೆ ಹಾಸಿದೆ. ಬಾತ್‌ರೂಮಿನಲ್ಲಿ ಹೊಸ ಟವೆಲುಗಳು. ನಾವು ಕೆಳಗಿದ್ದಾಗ ಕ್ಲೀನ್ ಮಾಡುವವರು ಬಂದು ಹೋಗಿದ್ದರು.

ದೊಡ್ಡಪ್ಪ ಟವೆಲುಗಳನ್ನು ಒಂದೊಂದಾಗಿ ಕೊಡವಿದರು. ಆಮೇಲೆ ಕೆಳಗೆ ಕೂತುಬಿಟ್ಟರು.

ಆಗಿದ್ದು ಇಷ್ಟು. ದಾರ ಹರಿದಾಗ ಕರಡಿಗೆಯನ್ನು ಎಲ್ಲಿಡಬೇಕೆಂದು ಅವರಿಗೆ ಯೋಚನೆಯಾಯಿತು. ಟೇಬಲ್ಲಿನ ಮೇಲೆ ಸಿಗರೇಟು ಬೂದಿಯ ಬಟ್ಟಲು. ಹಾಸಿಗೆಯಲ್ಲಿ ಯಾರ‍್ಯಾರೋ ಮಲಗಿದ್ದಿರಬಹುದು. ಆ ರೂಮಿನಲ್ಲೆಲ್ಲ ಯಾರೂ ಮುಟ್ಟದ ಶುದ್ಧ ವಸ್ತು ಯಾವುದು? ಮಡಿಸಿಟ್ಟ ಬಿಳಿ ಟವೆಲು! ಅದರಲ್ಲಿ ಸುತ್ತಿ, ಕಣ್ಣಿಗೊತ್ತಿಕೊಂಡು ಇಟ್ಟು ಬಂದಿದ್ದರು. ಬಿಚ್ಚಿದ ಟವೆಲೆಲ್ಲ ಬಳಸಿದ ಟವೆಲು ಎಂಬುದು ಹೋಟೆಲ್ಲಿನ ಲೆಕ್ಕ.

"ದೊಡ್ಡಪ್ಪ, ಸಿಗುತ್ತೆ. ಮೊದಲು ಒಂದು ಲೋಟ ಹಾಲು..."

"ಬಾಯ್ ಮುಚ್ಚು. ಅದು ಸಿಗೋಗಂಟ ಹನಿ ನೀರೂ ಇಳಿಯಕಿಲ್ಲ. ಸಿಗ್ದಿದ್ರೆ ಇಲ್ಲೇ, ಹಿಂಗೇ."

ಅರವತ್ತೆಂಟು ವರ್ಷದ, ಸಕ್ಕರೆ ಕಾಯಿಲೆಯ ಮನುಷ್ಯ. ಹಟಕ್ಕೆ ಆಡಿದ ಮಾತಲ್ಲ ಎಂದು ನನಗೆ ಗೊತ್ತು. ದೊಡ್ಡಮ್ಮನಿಗೆ ಏನೆಂದು ಹೇಳಲಿ? ಮೆಷಿನ್ನಿನವರ ಕಾರು ಹತ್ತಕ್ಕೆ ಬಂತು, ಹತ್ತೂವರೆಗೆ ವಾಪಸು ಹೋಯಿತು. ಲಿಫ್ಟು ಕಾಯಲಾಗದೆ ಆರು ಮಹಡಿ ಎಷ್ಟು ಸಲ ಹತ್ತಿಳಿದೆನೋ. ಕೊನೆಗೆ ಗುಮಾಸ್ತರು ಒಂದು ಫಾರಂ ತೆಗೆದರು. ಅಷ್ಟರಲ್ಲಿ ದೊಡ್ಡಪ್ಪನೂ ಗೋಡೆ ಹಿಡಿದುಕೊಂಡು ಕೌಂಟರಿಗೆ ಬಂದರು.

"ಕಳೆದದ್ದು ಏನು ಸಾರ್? ವಾಚೇ? ಉಂಗುರವೇ?" ಗುಮಾಸ್ತರದು ನಿಧಾನವಾದ ಇಂಗ್ಲಿಷು.

ಬೆಳ್ಳಿ ಡಬ್ಬಿ ಎಂದೆ. ದೊಡ್ಡಪ್ಪನಿಗೆ ಅಷ್ಟು ಇಂಗ್ಲಿಷು ಅರ್ಥವಾಗುತ್ತದೆ.

"ಡಬ್ಬಿ ಅಂತ ಬರಿಸ್ತೀಯೇನ್ಲಾ? ಒಳಗಿರೋದ್ ಹೇಳು!"

ಒಳಗಿರೋದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು, ಸ್ವಾಮಿ? ನನಗೆ ಕನ್ನಡದಲ್ಲಾದರೂ ಬರುತ್ತದೆಯೇ? ದೇವರು ಎಂದೆ. ಗುಮಾಸ್ತರು ಪೆನ್ನು ಎತ್ತಿ ನನ್ನ ಮುಖ ನೋಡಿದರು. ಕಾಗದ ಕೊಟ್ಟು ಚಿತ್ರ ಬರೆಯಿರಿ ಎಂದರು. ಬರೆದೆ. ಉದ್ದ ಗುಂಡಗೆ ಬಂತು. ಅವರು ಬಲು ಮರ್ಯಾದೆಯಿಂದ ಬ್ರೇಕ್‌ಫಾಸ್ಟಿನ ಪಟ್ಟಿ ತೆಗೆದು ಮೊಟ್ಟೆಯ ಸಾಲನ್ನು ತೋರಿಸಿದರು.

(ನಗಬೇಡಿ. ನನಗೆ ಆಗ ನಗು ಬರಲಿಲ್ಲ.)

ದೊಡ್ಡಪ್ಪನ ತಾಳ್ಮೆ ಮುಗಿಯಿತು. "ಚಿತ್ರ ಯಾಕ್ಲಾ ಬರೀತಾ ಕುಂತಿದ್ದೀಯ? ನಿಂದೇ ತಗ್ದು ತೋರ್ಸು!"

ನನ್ನ ಕೈ ಷರಟಿನ ಗುಂಡಿಯವರೆಗೆ ಹೋಗಿ ನಿಂತಿತು.

ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದಾಗ ಒಂದು ಸಂಜೆ, ಬ್ಯಾಡ್ಮಿಂಟನ್ ಆಡುವಾಗ ಎದೆಗೆ ಬಡಿಯುತ್ತದೆಂದು ತೆಗೆದಿಟ್ಟೆ. ಒಂದು ಗಂಟೆಗೆಂದು ತೆಗೆದದ್ದು. ಆಟ ಮುಗಿದು ಊಟದ ಗಂಟೆ ಹೊಡೆಯಿತು, ನಾಳೆ ಹಾಕಿಕೊಂಡರಾಯಿತು ಎಂದುಕೊಂಡೆ. ಆಮೇಲೆ ಅದು ಟ್ರಂಕಿನಲ್ಲಿತ್ತು. ಟ್ರಂಕು ಬದಲಾಯಿತು, ರೂಮು ಬದಲಾಯಿತು, ಕಾಲೇಜು ಮುಗಿಯಿತು. ಈಗ ಎಲ್ಲಿದೆ? ಗೊತ್ತಿಲ್ಲ. ಇದನ್ನು ಬರೆಯಲು ಕೂತು ನಾಲ್ಕು ಸಲ ಎದ್ದು ಅಂಗಳಕ್ಕೆ ಹೋಗಿ ಬಂದಿದ್ದೇನೆ, ಇನ್ನೂ ಗೊತ್ತಿಲ್ಲ.

ದೊಡ್ಡಪ್ಪ ಕೈ ಚಾಚಿದ್ದರು. ನನ್ನ ಎದೆ ನೋಡಿದರು, ಮುಖ ನೋಡಿದರು. ಕೈ ಹಿಂದಕ್ಕೆ ತೆಗೆದುಕೊಂಡರು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಗುಮಾಸ್ತರಿಗೆ ಏನು ಅರ್ಥವಾಯಿತೋ, ಫಾರಂ ಬದಿಗಿಟ್ಟು ನಮ್ಮನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದರು. ಬಟ್ಟೆ ಒಗೆಯುವ ಜಾಗ. ಆವಿ, ಸೋಪಿನ ವಾಸನೆ, ಬೆಟ್ಟದಂತೆ ಟವೆಲು. ತಲೆಗೆ ವಸ್ತ್ರ ಕಟ್ಟಿದ ವಯಸ್ಸಾದ ಹೆಂಗಸೊಬ್ಬಳು ದೊಡ್ಡಪ್ಪನ ಮುಖ ನೋಡಿದ್ದೇ ಎದ್ದಳು. ಗೋಡೆಯ ಎತ್ತರದಲ್ಲಿ ಒಂದು ಹಲಗೆ. ಅಲ್ಲಿ ಅವಳದೇ ದೇವಸ್ಥಾನದ ತಾಯಿತವೋ ಏನೋ, ಕೆಂಪು ಬಟ್ಟೆಯ ಪುಟ್ಟ ಚೀಲ. ಅದರ ಪಕ್ಕದಲ್ಲಿ, ಮಡಿಸಿದ ಹೊಸ ಬಟ್ಟೆಯ ಮೇಲೆ ನಮ್ಮ ಕರಡಿಗೆ. ಹರಿದ ದಾರವನ್ನು ಕೂಡ ಸುರುಳಿ ಸುತ್ತಿ ಜೊತೆಗಿಟ್ಟಿದ್ದಳು. ಅವಳಿಗೆ ಯಾರೂ ಚಿತ್ರ ಬರೆದು ತೋರಿಸಿರಲಿಲ್ಲ.

ಎರಡೂ ಕೈಯಲ್ಲಿ ಕೊಟ್ಟಳು. ದೊಡ್ಡಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡರು.

"ನಿನ್ ಹೊಟ್ಟೆ ತಣ್ಣಗಿರ್ಲಿ ತಾಯಿ," ಎಂದರು. ಕಣ್ಣಲ್ಲಿ ನೀರಿತ್ತು. ಅವಳು ತನ್ನ ಭಾಷೆಯಲ್ಲಿ ಏನೋ ಹೇಳಿ ಬಾಗಿದಳು. ನನ್ನ ಇಂಗ್ಲಿಷಿನ ಅಗತ್ಯ ಇಬ್ಬರಿಗೂ ಬೀಳಲಿಲ್ಲ.

ರೂಮಿಗೆ ಬಂದು ದೊಡ್ಡಪ್ಪ ಮತ್ತೆ ಸ್ನಾನ ಮಾಡಿದರು. ಹೊಸ ದಾರ ಪೋಣಿಸಿದರು. ಪೂಜೆಗೆ ಕೂತವರು ಎಷ್ಟೋ ಹೊತ್ತು ಏಳಲೇ ಇಲ್ಲ. ನಾನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ಹೊರಗೆ ಕಂಬ ಬಡಿಯುವುದು ನಿಂತಿರಲಿಲ್ಲ. ಕೊನೆಗೆ ದೊಡ್ಡಪ್ಪ ಎದ್ದು, ಮನೆಯಿಂದ ತಂದಿದ್ದ ಅವಲಕ್ಕಿಗೆ ಹಾಲು ಸುರಿದುಕೊಂಡು ಉಂಡರು. ಅಬ್ಬ, ಗೆದ್ದೆ ಅನ್ನಿಸಿತು. ಮೆಷಿನ್ನಿನವರಿಗೆ ಫೋನು ಮಾಡಲೇ, ನಾಳೆ ಹತ್ತಕ್ಕೆ ಬರಲು ಹೇಳಲೇ ಎಂದು ಒಂದೇ ಸಮನೆ ಮಾತಾಡತೊಡಗಿದೆ.

ದೊಡ್ಡಪ್ಪ ಕೈ ತೊಳೆದು ಬಂದು, ನಿಧಾನವಾಗಿ ಒರೆಸಿಕೊಳ್ಳುತ್ತಾ ಕೇಳಿದರು:

"ನಂದು ಕಳದಾಗ ಕೇಳಕ್ಕೆ ಒಂದ್ ಹೋಟ್ಲಾದ್ರೂ ಇತ್ತು. ನಿಂದುನ್ನ ಎಲ್ ಹೋಗಿ ಕೇಳನ್ಲಾ?"