ಗೊಂಬಿ ಅವ್ವನ ಕುಬಸ

ಗುರೆಳ್ಳು ಹುರಿಯುವ ವಾಸನೆ ಮೂಗಿಗೆ ಬಡಿದರೆ ನನಗೆ ಇಂದಿಗೂ ನೆನಪಾಗುವುದು ಅಡುಗೆಮನೆಯಲ್ಲ, ಟಿವಿ. ಮುನವಳ್ಳಿಯ ನಮ್ಮ ಮನೆಯಲ್ಲಿ ಸಂಜೆ ಅದರ ಮುಂದೆ ಸೇರುತ್ತಿದ್ದವರು ನಾನು, ನನ್ನವ್ವ, ಅಪ್ಪನ ತಾಯಿ ಆಯಿ, ಮತ್ತು ಬಾಗಿಲ ಚೌಕಟ್ಟಿಗೆ ಒರಗಿ ಕೂರುತ್ತಿದ್ದ ಚಿಗವ್ವ, ಅಂದರೆ ಕಾಕಾನ ಹೆಂಡತಿ. ಒಲೆಯ ಮೇಲೆ ಗುರೆಳ್ಳು ಇಟ್ಟು ಬಂದ ಆಯಿ ಕಾರ್ಟೂನಿನಲ್ಲಿ ಮೈಮರೆತು, ಘಾಟೆದ್ದ ಮೇಲೆ ಒಳಗೆ ಓಡುತ್ತಿದ್ದಳು. ಅದು ಯಾವುದೋ ದೂರದೇಶದ ಗೊಂಬೆಗಳ ಸಂಸಾರ; ಕನ್ನಡದಲ್ಲಿ ಮಾತಾಡುತ್ತಿತ್ತು. ದಡ್ಡ ಗಂಡ, ಕಿಡಿಗೇಡಿ ಮಕ್ಕಳು, ಎಲ್ಲರಿಗೂ ಬಡಿಸಿ ಕಡೆಗೆ ನಿಂತುಕೊಂಡೇ ಉಣ್ಣುವ ತಾಯಿ. ಕತೆಯಲ್ಲಿ ಆಕೆಗೆ ಏನೋ ಹೆಸರಿತ್ತು. ನಮಗೆ ಆಕೆ ಗೊಂಬಿ ಅವ್ವ. "ಕುಂತು ಉಣ್ಣವಾ, ಅವರೇನ್ ಓಡಿ ಹೋಗೂದಿಲ್ಲ" ಎಂದು ಆಯಿ ಪರದೆಗೇ ಬುದ್ಧಿ ಹೇಳುತ್ತಿದ್ದಳು.

ಆ ಚಳಿಗಾಲ ಗೊಂಬಿ ಅವ್ವ ಬಸುರಿಯಾದಳು. ನಮ್ಮ ಚಿಗವ್ವನೂ ಬಸುರಿ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಉಡಿ ತುಂಬುವುದಕ್ಕೆ ನಮ್ಮ ಕಡೆ ಕುಬಸ ಎನ್ನುತ್ತಾರೆ. ಚಿಗವ್ವನ ಮೊದಲ ಬಸಿರಿಗೆ ರಾಮದುರ್ಗದ ತವರಿನವರು ಊರೆಲ್ಲ ಕರೆದು ಕುಬಸ ಮಾಡಿದ್ದರು. ಅದಾದ ಕೆಲವೇ ದಿನಗಳಲ್ಲಿ ಕೂಸು ಹೊಟ್ಟೆಯಲ್ಲೇ ಹೋಯಿತು. ಆ ಸಂಭ್ರಮಕ್ಕೇ ದೃಷ್ಟಿ ತಾಗಿತೆಂದು ಆಕೆ ನಂಬಿಬಿಟ್ಟಿದ್ದಳು. "ಈ ಸಲ ನನಗ ಯಾರೂ ಉಡಿ ತುಂಬಬ್ಯಾಡ್ರಿ" ಎಂದು ಕೈಮುಗಿದಿದ್ದಳು. ಹಗಲೆಲ್ಲ ಕೋಣೆ ಬಿಟ್ಟು ಬರುತ್ತಿರಲಿಲ್ಲ. ನಗುತ್ತಿದ್ದುದು ಕಾರ್ಟೂನಿನ ಹೊತ್ತಿಗೆ ಮಾತ್ರ. ಬರಿ ಉಡಿಯಲ್ಲಿ ಸೊಸೆಯನ್ನು ಹೆರಿಗೆಗೆ ಕಳಿಸುವುದು ಹೇಗೆಂದು ಆಯಿಗೆ ಒಳಗೊಳಗೇ ಸಂಕಟ. ಆದರೂ ಒತ್ತಾಯಿಸಲಿಲ್ಲ.

ಒಂದು ಶುಕ್ರವಾರ ಆಯಿ ಹೇಳಿದಳು: "ಪಾಪ, ಗೊಂಬಿ ಅವ್ವಗ ದಿನಾ ತುಂಬಾಕ ಬಂದಾವ. ತವರಿನವರು ಒಬ್ರೂ ಹಣಿಕಿ ಹಾಕಿಲ್ಲ. ನಾವ ಕುಬಸ ಮಾಡೂಣು."

ಕಟ್ಟೆಯ ಮೇಲಿದ್ದ ಅಜ್ಜ ಬಿಡುತ್ತಾನೆಯೇ? "ಇವತ್ತ ಟಿವಿಗೆ ಕುಬಸ. ನಾಳೆ ರೇಡಿಯೋಕ್ಕ ಕನ್ಯಾ ನೋಡಾಕ ಹೊಂಟಾಳ ನೋಡ್ರಿ!"

"ನೀವು ಹೋಳಿಗಿ ತಿನ್ನಾಕಷ್ಟ ಒಳಗ ಬರ್ರಿ" ಎಂದಳು ಆಯಿ.

ಸಂಜೆ ಓಣಿಯ ಮುತ್ತೈದೆಯರು ಸೆರಗು ಬಾಯಿಗಿಟ್ಟು ನಗುತ್ತಲೇ ಬಂದರು. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಹಸಿರು ಖಣ, ಬಳೆ. ಆಯಿ ಗಾಜಿನ ಮೇಲೆ ಗೊಂಬಿ ಅವ್ವನ ಹಣೆ ನೋಡಿ ಕುಂಕುಮ ಇಟ್ಟಳು. ಅಷ್ಟರಲ್ಲಿ ಚಿತ್ರ ಸರಿದು ಕುಂಕುಮ ಆಕೆಯ ಗಂಡನ ಮೂಗಿನ ಮೇಲೆ ಕೂತಿತು. ಮನೆ ಹಾರಿಹೋಗುವಂತೆ ನಕ್ಕೆವು. ಚಿಗವ್ವನೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಆಯಿ ಬೊಗಸೆ ತುಂಬ ಅಕ್ಕಿ ಎತ್ತಿದಳು. ಎತ್ತಿದಾಗಲೇ ತಿಳಿದದ್ದು, ಟಿವಿಗೆ ಉಡಿಯೇ ಇಲ್ಲ! ಉಡಿಗೆಂದು ಎತ್ತಿದ ಅಕ್ಕಿಯನ್ನು ಮರಳಿ ಡಬ್ಬಿಗೆ ಸುರಿಯುವ ರೂಢಿ ನಮ್ಮಲ್ಲಿಲ್ಲ. ಬೊಗಸೆ ಹಿಡಿದು ಆಯಿ ನಿಂತೇ ಇದ್ದಳು. ನಗು ನಿಂತಿತು. ಯಾರೂ ಚಿಗವ್ವನ ಕಡೆ ನೋಡಲಿಲ್ಲ.

ಚಿಗವ್ವ ನಿಧಾನ ಎದ್ದು ಬಂದಳು. ಟಿವಿಯ ಮಗ್ಗುಲಿಗೆ ಕೂತು ಸೆರಗು ಒಡ್ಡಿದಳು. "ಹಾಕ್ರಿ ಅತ್ತಿ. ಆಕಿ ಪರವಾಗಿ ನಾ ಹಿಡೀತೇನಿ."

ಆಯಿ ಬೊಗಸೆಯ ಅಕ್ಕಿಯನ್ನು ಆ ಸೆರಗಿಗೆ ಸುರಿದಳು; ಒಂದಿಷ್ಟು ನೆಲಕ್ಕೆ ಚೆಲ್ಲಿತು. ಅವ್ವ ಆಕೆಯ ಕೈಗೆ ಹಸಿರು ಬಳೆ ಇಡಿಸಿದಳು.

ಆಯಿ ಇದನ್ನೆಲ್ಲ ಬೇಕೆಂದೇ ಹೂಡಿದ್ದಳೋ, ನಿಜಕ್ಕೂ ಗೊಂಬಿ ಅವ್ವನಿಗಾಗಿ ಮರುಗಿದ್ದಳೋ, ನನಗೆ ಇಂದಿಗೂ ತಿಳಿಯದು. ಎರಡೂ ಇರಬೇಕು. ಆಯಿಯ ಮನಸ್ಸಿನಲ್ಲಿ ಎರಡಕ್ಕೂ ಜಾಗವಿತ್ತು. ಎಲ್ಲೋ ಕೂತು ಗೆರೆ ಎಳೆದು ಆ ತಾಯಿಯನ್ನು ಮಾಡಿದವರಿಗೆ ಮುನವಳ್ಳಿಯ ಸುದ್ದಿ ಗೊತ್ತಿರಲಾರದು. ನನ್ನ ಪಾಲಿನ ಶರಣು ಅವರಿಗೂ ಸಲ್ಲಲಿ. ಟಿವಿ ಇದ್ದ ಆ ಪಡಸಾಲೆಗೆ ಈಗ ನಡುವೆ ಗೋಡೆ ಎದ್ದಿದೆ. ಗೊಂಬೆಗಳ ಕತೆಯೂ ಎಂದೋ ಮುಗಿಯಿತು.

ನವಿಲುತೀರ್ಥದಿಂದ ಕಾಲುವೆಗೆ ನೀರು ಬಿಟ್ಟ ವಾರ ಚಿಗವ್ವ ಸವದತ್ತಿಯ ದವಾಖಾನೆಯಲ್ಲಿ ಹೆಣ್ಣು ಹೆತ್ತಳು. ಆಯಿ ಆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಒಂದು ಸುಗ್ಗಿ ಕಳೆದಳು. ಮುಂದಿನ ಸುಗ್ಗಿಗೆ ಆಯಿ ಇರಲಿಲ್ಲ.