ನಕ್ಷೆಯಲ್ಲಿ ತೆರೆದಿದ್ದ ಗೇಟು

ಒಮ್ಮೆಯೂ ಕಾಲಿಡದ ಒಂದು ರಾಜಧಾನಿಯ ನಡುಬೀದಿ ನನಗೆ ಧಾರವಾಡದ ನಮ್ಮ ಓಣಿಗಿಂತ ಚೆನ್ನಾಗಿ ಗೊತ್ತು. ಅಮೆರಿಕದ ಬೆಲ್ವ್ಯೂನ ಒಂದು ಆಫೀಸಿನಲ್ಲಿ ಕೂತು, ಜನ ಫೋನಿನಲ್ಲಿ ನೋಡುವ ನಕ್ಷೆಗಳನ್ನು ತಿದ್ದುವುದು ನನ್ನ ಕೆಲಸ. ಅಲ್ಲಿಯವರು ಕಳಿಸಿದ ಫೋಟೊ ನೋಡಿ ಯಾವುದು ತೆರೆದಿದೆ, ಯಾವುದು ಮುಚ್ಚಿದೆ ಎಂದು ಗುರುತು ಹಾಕಬೇಕು. ಅವರವರ ಊರನ್ನು ಅವರವರಿಗೆ ಕೊಡುವುದಿಲ್ಲ, ಮಮತೆ ಕೆಲಸ ಕೆಡಿಸುತ್ತದಂತೆ. ಹಾಗಾಗಿ ಪಕ್ಕದ ಕುರ್ಚಿಯ ಗೆಳತಿ ಹುಟ್ಟಿ ಬೆಳೆದ ಆ ಬೀದಿ ನನ್ನ ಪಾಲಿಗೆ ಬಂತು.

ಮೊದಲೆಲ್ಲ ಊಟದ ಡಬ್ಬಿ ಹಿಡಿದು ನನ್ನ ಪರದೆಯ ಮುಂದೆಯೇ ಕೂರುತ್ತಿದ್ದಳು. ಗಡಿಯಾರದ ಗೋಪುರವಿರುವುದು ಹಳೆಯ ಅಂಚೆ ಕಚೇರಿ, ಅದರ ಮೆಟ್ಟಿಲ ಮೇಲೆ ಅವಳ ಮದುವೆಯ ಫೋಟೊ ತೆಗೆದದ್ದು. ಕಲ್ಲಿನ ಸಿಂಹಗಳಿರುವ ಅರಮನೆ ಈಗ ಬ್ಯಾಂಕು. ಅದರಾಚೆ ಸಾಲಾಗಿ ರಾಯಭಾರ ಕಚೇರಿಗಳು. ಹಸಿರು ಕಿಟಕಿಗಳದ್ದು ಅವಳಿಗೆ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಇಲ್ಲಿಗೆ ಬರಲು ಅವಳ ಗಂಡನ ವೀಸಾ ಅಲ್ಲಿಂದಲೇ ಸಿಗಬೇಕಿತ್ತು.

ಯುದ್ಧ ಶುರುವಾದ ಮೇಲೆ ಅವಳು ನನ್ನ ಪರದೆ ನೋಡುವುದನ್ನೇ ಬಿಟ್ಟಳು. ಆ ಬೀದಿಯಲ್ಲಿ ಒಂದೊಂದೇ ಬಾವುಟ ಇಳಿಯಿತು, ನಾನು ಒಂದೊಂದಕ್ಕೂ ‘ಮುಚ್ಚಿದೆ’ ಎಂದು ಗುರುತು ಹಾಕುತ್ತ ಬಂದೆ. ಎರಡು ಸಾಕ್ಷಿ ಸಿಕ್ಕರೆ ಸಾಕು. ಹಸಿರು ಕಿಟಕಿಯ ಕಟ್ಟಡದ ಮುಂದಿನ ಬರಿ ಕಂಬದ ಫೋಟೊ ಒಂದು ದಿನ ಬಂತು. ಎರಡು ದಿನ ಬಿಟ್ಟು ಗೇಟಿಗೆ ಸರಪಳಿ ಬಿಗಿದದ್ದು ಬಂತು. ಲೆಕ್ಕಕ್ಕೆ ಎರಡಾಯಿತು, ಆದರೆ ನನಗೆ ಕೈ ಬರಲಿಲ್ಲ. ಸರಪಳಿಯಲ್ಲ, ನೆರಳಿರಬಹುದು ಎಂದು ಬರೆದು ಬಾಕಿ ಇಟ್ಟೆ. ಅದು ತೆರೆದಿದೆಯೇ ಎಂದು ಮಾತ್ರ ಅವಳು ದಿನವೂ ಕೇಳುತ್ತಿದ್ದಳು. ಇನ್ನೂ ತೆರೆದಿದೆ ಎಂದೇ ತೋರಿಸುತ್ತಿದೆ ಎನ್ನುತ್ತಿದ್ದೆ. ಸುಳ್ಳಲ್ಲ, ಹಾಗೆ ತೋರಿಸುತ್ತಿದ್ದವಳು ನಾನೇ. ದೊಡ್ಡ ಉಪಕಾರ ಮಾಡುತ್ತಿದ್ದೇನೆಂಬ ಜಂಬ ಬೇರೆ.

ಅವಳ ಗಂಡ ಇದ್ದದ್ದು ಗಡಿಯ ಹತ್ತಿರದ ಊರಿನಲ್ಲಿ. ಗಡಿ ದಾಟಿಸುವ ಬಸ್ಸಿಗೆ ನೆರೆಯವರು ಅವನನ್ನೂ ಕರೆದರು. ಅವನು ಫೋನು ತೆಗೆದು ನಕ್ಷೆ ನೋಡಿದ. ರಾಯಭಾರ ಕಚೇರಿ ತೆರೆದಿದೆ, ಬೆಳಿಗ್ಗೆ ಒಂಬತ್ತರಿಂದ. ಸರಿಯಾದ ಕಾಗದ ಹಿಡಿದೇ ಬರುತ್ತೇನೆಂದು ಹೆಂಡತಿಗೆ ಮೆಸೇಜ್ ಹಾಕಿ, ಬಸ್ಸು ಬಿಟ್ಟು, ರಾಜಧಾನಿಯ ಕಡೆ ಹೊರಟ. ಅವಳು ಅದನ್ನು ನನಗೆ ನಗುತ್ತ ಹೇಳಿದಳು. ಆಗಲಾದರೂ ಬಾಯಿ ಬಿಡಬಹುದಿತ್ತು. ಇಷ್ಟು ಹೊತ್ತಿಗೆ ಅರ್ಧ ದಾರಿ ಹೋಗಿರುತ್ತಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮರುದಿನ ಆ ನಗರದ ರಸ್ತೆಗಳೆಲ್ಲ ಬಂದಾದವು. ಅವನ ಫೋನು ಅಂದಿನಿಂದ ಹತ್ತಿಲ್ಲ.

ಆ ಸಂಜೆ ಪಕ್ಕದ ಊರು ಬಾಥೆಲ್‌ನ ನಮ್ಮ ಮನೆಗೆ ಬಂದು ನಮ್ಮ ಯಜಮಾನರಿಗೆ ಎಲ್ಲ ಹೇಳಿದೆ.

“ಆ ಆಫೀಸ್ ನೀ ಬಂದ್ ಮಾಡೀಯೇನ?” ಎಂದರು. “ನಿನ್ನ ಕೈಯಾಗ ಏನಿತ್ತು?”

“ಖರೇ ಹೇಳೂದು ಒಂದು ನನ್ನ ಕೈಯಾಗಿತ್ತು” ಎಂದೆ.

ಎರಡು ವಾರದ ಮೇಲೆ ಆ ಗೇಟಿನ ಇನ್ನೊಂದು ಫೋಟೊ ಬಂತು, ರಸ್ತೆಗಳು ಬಂದಾದ ದಿನವೇ ತೆಗೆದದ್ದು. ಮುಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ನಮಗೆ ಬರುವ ಮೊದಲೇ ಮುಖಗಳನ್ನೆಲ್ಲ ಮಸುಕು ಮಾಡಿರುತ್ತಾರೆ. ಗೆಳತಿಯನ್ನು ನಾನೇ ಕರೆದೆ. ಅವಳು ಬಗ್ಗಿ ನೋಡಿ, ಕಂದು ಕೋಟಿನವನ ಮೇಲೆ ಬೆರಳಿಟ್ಟಳು. ಆ ಕೋಟು ಗಂಡನಿಗೆ ಅವಳೇ ಇಲ್ಲಿಂದ ಕಳಿಸಿದ್ದು. ಉಳಿದವರೆಲ್ಲ ಗೇಟಿನ ಕಡೆ ತಿರುಗಿದ್ದರು. ಅವನೊಬ್ಬ ತಲೆ ಬಗ್ಗಿಸಿ ಫೋನು ನೋಡುತ್ತಿದ್ದ.

ಮುಖ ತೆರೆದು ತೋರಿಸಲಾಗುತ್ತದೆಯೇ ಎಂದು ಕೇಳಿದಳು. ಆಗುವುದಿಲ್ಲ ಎಂದೆ. ಕಚೇರಿ ಮುಚ್ಚಿದ್ದು ನನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದಳು. ಅವನು ಹೊರಡುವುದಕ್ಕೆ ಐದು ದಿನ ಮೊದಲು ಎಂದು ಹೇಳಿದೆ. ಅವಳು ಎದ್ದು ತನ್ನ ಕುರ್ಚಿಗೆ ಹೋಗಿ ಕೂತಳು.

ಫೋಟೊದಲ್ಲಿ ಸರಪಳಿ ಸ್ಪಷ್ಟವಾಗಿ ಕಾಣುತ್ತಿತ್ತು. ಸಾಕ್ಷಿಯ ಜಾಗದಲ್ಲಿ ಅದನ್ನೇ ಹಚ್ಚಿ, ‘ಮುಚ್ಚಿದೆ’ ಎಂದು ಗುರುತು ಹಾಕಿದೆ.