ನಾನು ಬರೆದ ಹುಲಿಗೆಮ್ಮನ ಅವ್ವ

೧೯೮೭ರಲ್ಲಿ ನಾನು ಸಿಂಧನೂರಿನಲ್ಲಿ ಪೇಂಟಿಂಗ್ ಅಂಗಡಿ ಇಟ್ಟಿದ್ದೆ. ಬೋರ್ಡು ಬರೆಯುವುದು ಹೊಟ್ಟೆಗೆ. ತೀರಿಕೊಂಡವರ ಸಣ್ಣ ಫೋಟೊ ನೋಡಿ ದೊಡ್ಡ ಆಯಿಲ್ ಪೇಂಟಿಂಗ್ ಮಾಡುವುದು ಹೆಮ್ಮೆಗೆ. ಆ ಕೆಲಸದಲ್ಲಿ ನನಗೆ ದೇವರೆಂದರೆ ಲಿಂಗಸುಗೂರಿನ ವೀರಭದ್ರ ಮಾಸ್ತರರು. ಅವರು ಬರೆದ ಹೆಂಗಸರ ಮುಖ ಬೆಣ್ಣೆಯಷ್ಟು ನುಣುಪು, ದೊಡ್ಡ ಕಣ್ಣಲ್ಲಿ ತುಸು ನೀರು ತುಂಬಿದ ಹೊಳಪು. ರವಿವಾರ ಬಂದರೆ ಬಸ್ ಹತ್ತಿ ಹೋಗಿ ಅವರ ಹಿಂದೆ ನಿಂತು ನೋಡುತ್ತಿದ್ದೆ. ಎರಡು ವರ್ಷದಲ್ಲಿ ನನ್ನ ಕೈಗೂ ಆ ಕಣ್ಣು ಬಂತು. ಜನ "ಥೇಟ್ ಮಾಸ್ತರ ಕೈ" ಎಂದರೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆ ದಿನಗಳಲ್ಲೇ ಪಾಮನಕಲ್ಲೂರಿನ ಕುರಿಗಾರ ಅಮರಪ್ಪ ಬಂದ. ಅವನ ಮಗಳು ಹುಲಿಗೆಮ್ಮ ಹುಟ್ಟಿದ ಮೂರನೇ ತಿಂಗಳಿಗೇ ತಾಯಿ ತೀರಿಹೋಗಿದ್ದಳು. ಈಗ ಮಗಳ ಮದುವೆ ಗೊತ್ತಾಗಿತ್ತು. ಅಕ್ಷತೆಗೆ ಮುಂಚೆ ಅವ್ವನ ಚಿತ್ರಕ್ಕೆ ಕೈಮುಗಿಯಬೇಕೆಂಬುದು ಅವಳ ಹಟ. ಇದ್ದದ್ದು ಒಂದೇ ಗುಂಪು ಫೋಟೊ. ಅದರಲ್ಲಿ ಆಕೆಯ ಮುಖ ಶೇಂಗಾಬೀಜದಷ್ಟು, ಅದೂ ಮಸುಕು.

"ಫೋಟೊದಾಗ ಏನೂ ಕಾಣಂಗಿಲ್ರಿ. ನಾ ಹೇಳ್ತೀನಿ, ನೀವು ಬರಕೋರಿ," ಎಂದು ಅಮರಪ್ಪ ಮಧ್ಯಾಹ್ನವೆಲ್ಲ ಕೂತು ಹೇಳಿದ. ಕೆನ್ನೆ ತುಂಬ ಸಿಡುಬಿನ ಗುಳಿ. ಎಡಹುಬ್ಬು ಅರ್ಧಕ್ಕೇ ಕಡಿದದ್ದು. ಸಣ್ಣ ಕಣ್ಣು, ನಕ್ಕರೆ ಮುಚ್ಚಿಯೇ ಹೋಗುವಂಥವು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಬ್ರಷ್ ಹಿಡಿದ ಮೇಲೆ ಆ ನೋಟ್‌ಬುಕ್ ತೆರೆಯಲೇ ಇಲ್ಲ. ಗುಳಿ ಬಿದ್ದ ಕೆನ್ನೆಯನ್ನು ಮಾಸ್ತರರು ಬರೆಯುತ್ತಿದ್ದರೇ? ನುಣ್ಣಗೆ ಮಾಡಿದೆ. ಹುಬ್ಬು ಪೂರ್ತಿ ತೀಡಿದೆ. ಕಣ್ಣು ಅಗಲ ಮಾಡಿ ನೀರಿನ ಹೊಳಪು ಇಟ್ಟೆ. ಅಷ್ಟು ಚಂದದ ಚಿತ್ರ ನನ್ನ ಕೈಯಿಂದ ಅದುವರೆಗೆ ಬಂದಿರಲಿಲ್ಲ.

ತಂದೆ, ಮಗಳು ಒಯ್ಯಲು ಬಂದರು. ಬಟ್ಟೆ ಸರಿಸಿದ್ದೇ ತಡ, ಹುಲಿಗೆಮ್ಮ "ಅವ್ವಾ!" ಎಂದು ಅಳುತ್ತ ಚೌಕಟ್ಟಿಗೆ ಹಣೆ ಹಚ್ಚಿದಳು. ಅಮರಪ್ಪ ಚಿತ್ರವನ್ನೊಮ್ಮೆ, ಮಗಳನ್ನೊಮ್ಮೆ ನೋಡಿದ. ಆಮೇಲೆ ನನ್ನನ್ನು ಹೊರಗೆ ಕರೆದ.

"ಭಾಳ ಚೊಲೊ ತಗದೀರಿ. ಆದ್ರ ಈಕಿ ನಮ್ಮಾಕಿ ಅಲ್ರಿ."

"ನಾಕು ದಿನ ಕೊಡು, ತಿದ್ದಿ ಕೊಡ್ತೀನಿ," ಎಂದೆ.

"ಬ್ಯಾಡ್ರಿ. ಹುಡುಗಿ ಆಗ್ಲೇ ಅವ್ವಾ ಅಂದುಬಿಟ್ಟಾಳ."

ಚಿತ್ರ ಹುಲಿಗೆಮ್ಮನ ಜೊತೆ ತುರ್ವಿಹಾಳದ ಗಂಡನ ಮನೆಗೆ ಹೋಯಿತು. ಥೂ, ನನ್ನ ಜನ್ಮಕ್ಕಿಷ್ಟು! ಹೆಂಡತಿಯ ಮುಖವನ್ನು ಹದಿನೆಂಟು ವರ್ಷ ನೆನಪಿನಲ್ಲಿ ಕಾಪಾಡಿ ತಂದುಕೊಟ್ಟಿದ್ದ ಆ ಮನುಷ್ಯ. ಹೊಗಳಿಕೆಯ ಆಸೆಗೆ ನಾನು ಅದನ್ನು ಒರೆಸಿ ಹಾಕಿದೆ. ಇದಕ್ಕೆ ಮಾಸ್ತರರನ್ನು ದೂರುವಂತಿಲ್ಲ. ಅಂದಿನಿಂದ ಯಾರ ಮುಖ ಬರೆದರೂ ಮೊದಲು ಗಾಯದ ಗುರುತು ಹಾಕಿ ಆಮೇಲೆ ಕಣ್ಣಿಗೆ ಹೋಗುತ್ತೇನೆ. ಈ ಕೆಲಸ ನನ್ನನ್ನು ನಾಚಿಸಿ ಕಲಿಸಿದ ಪಾಠ ಅದು.

೧೯೯೬ರಲ್ಲಿ ಅಮರಪ್ಪ ತೀರಿಕೊಂಡ. ಹುಲಿಗೆಮ್ಮ ಅವನ ಫೋಟೊ ತಂದಳು, ಅವ್ವನ ಪಕ್ಕದಲ್ಲಿ ತೂಗುಹಾಕಲು. ಬಿಸಿಲಿಗೆ ಸುಟ್ಟ ಚರ್ಮ, ಮುರಿದ ಹಲ್ಲು, ಗದ್ದದ ಗಂಟು, ಒಂದನ್ನೂ ಬಿಡದೆ ಬರೆದೆ.

ಅವಳು ಬಹಳ ಹೊತ್ತು ನೋಡಿದಳು. "ಅಪ್ಪ ಇದ್ದಂಗ ಅದಾನ್ರಿ. ಆದ್ರ ಅವ್ವನಷ್ಟು ಚಂದ ಬಂದಿಲ್ಲ ಬಿಡ್ರಿ."

"ಹೌದವಾ," ಎಂದೆ. ನಿಜ ಹೇಳುವ ಧೈರ್ಯ ಅಂದೂ ಬರಲಿಲ್ಲ.